ಫಿಲ್ಟರ್ ಹೊಸದು, ಆದರೂ ಎಂಜಿನ್ ಧೂಳು ತಿಂದಿದೆ

ಲಾಗ್‌ಬುಕ್ಕಿನಲ್ಲಿ "ಏರ್ ಫಿಲ್ಟರ್ ಬದಲಾಯಿಸಲಾಗಿದೆ" ಅಂತ ಒಂದು ಸಾಲು ಇದ್ದರೆ ಸಾಕು, ಆ ಎಂಜಿನ್‌ಗೆ ಧೂಳಿನ ಕಾಟ ಇಲ್ಲ ಅಂತ ತುಂಬಾ ಜನ ನಂಬಿಬಿಡುತ್ತಾರೆ. ನಾನು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಕೆಲಸ ಕಲಿತವನು. ಸಣ್ಣ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಇಷ್ಟು ವರ್ಷ ನೋಡಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಎಂಜಿನ್ ಹಾಳು ಮಾಡುವ ಧೂಳು ಹೆಚ್ಚಾಗಿ ಫಿಲ್ಟರಿನ ಪಕ್ಕದಿಂದ ನುಗ್ಗುತ್ತೆ. ಎಲ್ಲರೂ ಫಿಲ್ಟರ್ ನೋಡುತ್ತಾರೆ, ಅದರ ಸುತ್ತಮುತ್ತ ನೋಡುವವರು ಕಡಿಮೆ.

ಮೊದಲು ಗಾಳಿಯ ಲೆಕ್ಕ ಹೇಳುತ್ತೇನೆ. ಹಳೆಯ ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ಸಣ್ಣ ವಿಮಾನದಲ್ಲಿ ಇರುವ ಲೈಕಮಿಂಗ್ ಒ-320 ಎಂಜಿನ್ ತಗೊಳ್ಳಿ. 320 ಘನ ಇಂಚು, ಅಂದರೆ ಸುಮಾರು 5.2 ಲೀಟರ್. ನಾಲ್ಕು ಸ್ಟ್ರೋಕಿನ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಅಷ್ಟು ಗಾಳಿ ಎಳೆಯುತ್ತೆ. 2,400 ಆರ್‌ಪಿಎಂನಲ್ಲಿ ಓಡುತ್ತಿದ್ದರೆ, ಸಿಲಿಂಡರ್ ಪೂರ್ತಿ ತುಂಬಲ್ಲ ಅಂತ ಸ್ವಲ್ಪ ಕಳೆದರೂ, ನಿಮಿಷಕ್ಕೆ ಸುಮಾರು 5,000 ಲೀಟರ್ ಗಾಳಿ ಆಯ್ತು. ಒಂದು ಗಂಟೆಗೆ ಮೂರು ಲಕ್ಷ ಲೀಟರ್! ಆ ಗಾಳಿಯಲ್ಲಿ ಚಿಟಿಕೆ ಧೂಳಿದ್ದರೂ ಅದು ಪಿಸ್ಟನ್ ರಿಂಗಿನ ಬುಡಕ್ಕೆ ಹೋಗಿ ಕೂರುತ್ತೆ.

ಕಣ್ಣಿಗೆ ಕಾಣುವ ದಪ್ಪ ಮರಳಿಗಿಂತ ನನಗೆ ಸಣ್ಣ ಧೂಳಿನದ್ದೇ ಹೆಚ್ಚು ಭಯ. ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಆಯಿಲ್‌ನ ತೆಳು ಪದರ ಇರುತ್ತಲ್ಲ, ಅದರ ದಪ್ಪಕ್ಕೆ ಹತ್ತಿರದ ಗಾತ್ರದ ಕಣಗಳೇ ಜಾಸ್ತಿ ಉಜ್ಜುವುದು. ಐದು, ಹತ್ತು, ಇಪ್ಪತ್ತು ಮೈಕ್ರಾನ್ ಕಣ ಅಂದರೆ ಒಂದೊಂದಾಗಿ ಕಣ್ಣಿಗೆ ಬೀಳಲ್ಲ. ಮಣ್ಣಿನ ಧೂಳಲ್ಲಿ ಕ್ವಾರ್ಟ್ಜ್, ಅಂದರೆ ಸಿಲಿಕಾನ್ ಇರುವ ಗಟ್ಟಿ ಬೆಣಚುಕಲ್ಲು ಇರುತ್ತೆ. ಅದು ಆಯಿಲ್ ಜೊತೆ ಸೇರಿದರೆ ರುಬ್ಬುವ ಪೇಸ್ಟ್ ತಯಾರಾದ ಹಾಗೇ.

ಕೆಲವು ಮಾಲೀಕರು ಕೇಳುತ್ತಾರೆ, "ಫಿಲ್ಟರ್ ಯಾಕೆ ಸರ್, ಮುಂದೆ ಒಂದು ಜಾಲರಿ ಹಾಕಿದ್ರೆ ಸಾಲ್ದಾ?" ಅಂತ. ಸೊಳ್ಳೆ ಪರದೆಯ ತೂತೇ ಒಂದು ಮಿಲಿಮೀಟರ್ ಆಸುಪಾಸು ಇರುತ್ತೆ, ಅಂದರೆ ಸಾವಿರ ಮೈಕ್ರಾನ್. ಲೋಹದ ಜಾಲರಿ ಕಲ್ಲು, ಒಣಗಿದ ಎಲೆ, ಹುಲ್ಲು, ಹುಳ ತಡೆಯುತ್ತೆ. ಅದೂ ಬೇಕಾದ ಕೆಲಸವೇ. ಆದರೆ ಧೂಳಿಗೆ ಅದು ಬಾಗಿಲು ತೆಗೆದಿಟ್ಟ ಹಾಗೆ. ಫಿಲ್ಟರ್ ಚೂರಾಗಿ ಎಂಜಿನ್ ಒಳಗೆ ಹೋಗದಂತೆ ಹಿಡಿದುಕೊಳ್ಳುವುದರಲ್ಲಿ ಜಾಲರಿಯ ಕೆಲಸ ದೊಡ್ಡದು. ಬ್ರಾಕೆಟ್ ಕಂಪನಿಯ ಫೋಮ್ ಫಿಲ್ಟರ್‌ನಲ್ಲಿ ಫೋಮ್ ತುಂಡನ್ನು ಎರಡು ಲೋಹದ ಜಾಲರಿಗಳ ನಡುವೆ ಕೂರಿಸಿರುವುದು ಅದಕ್ಕೇ.

ಈಗ ಒಂದು ವಿಮಾನದ ಕಥೆ. ಯಾರದ್ದು ಅಂತ ಹೇಳುವುದಿಲ್ಲ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೆಯ 172. ಆಯಿಲ್ ಕುಡಿಯುತ್ತಿದೆ ಅಂತ ನಮ್ಮ ಹ್ಯಾಂಗರ್‌ಗೆ ತಂದಿದ್ದರು. ಮೊದಲು ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಆಯಿಲ್ ಹತ್ತು ಗಂಟೆ ಹಾರಾಟಕ್ಕೆ ಬರುತ್ತಿತ್ತಂತೆ. ಈಗ ನಾಲ್ಕು ಗಂಟೆಗೇ ಕೇಳುತ್ತಿತ್ತು. ಕಂಪ್ರೆಷನ್ ನೋಡಿದೆವು. ಸಿಲಿಂಡರ್‌ಗೆ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟರೆ ಎರಡು ಸಿಲಿಂಡರ್‌ಗಳು ಅರವತ್ತರ ಹತ್ತಿರ ನಿಂತವು, ಆಯಿಲ್ ತುಂಬುವ ಬಾಯಿಗೆ ಕಿವಿಯಿಟ್ಟರೆ ಗಾಳಿ ಸುಸ್ ಅನ್ನುವುದು ಕೇಳುತ್ತಿತ್ತು. ಅಂದರೆ ಗಾಳಿ ರಿಂಗ್ ದಾಟಿ ಕೆಳಗೆ ಬರುತ್ತಿದೆ. ಅವರ ಹಳೆಯ ಆಯಿಲ್ ಪರೀಕ್ಷೆಯ ಕಾಗದಗಳನ್ನು ತರಿಸಿಕೊಂಡು ನೋಡಿದರೆ ಸಿಲಿಕಾನ್ ಪ್ರತಿ ಸಲ ಏರುತ್ತಾ ಬಂದಿತ್ತು. ಅದರ ಜೊತೆಗೇ ಕಬ್ಬಿಣ, ಕ್ರೋಮಿಯಂ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸಿಲಿಕಾನ್ ಒಂದೇ ಏರಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಈಚೆಗೆ ಯಾವುದಾದರೂ ಗ್ಯಾಸ್ಕೆಟ್ ಬದಲಾಯಿಸಿದ್ದರೆ, ಸಿಲಿಕೋನ್ ಸೀಲೆಂಟ್ ಹಚ್ಚಿದ್ದರೆ ಅದರಿಂದಲೂ ಆಯಿಲ್‌ಗೆ ಸಿಲಿಕಾನ್ ಬರುತ್ತೆ. ಆದರೆ ಸಿಲಿಕಾನ್, ಕಬ್ಬಿಣ, ಕ್ರೋಮಿಯಂ ಮೂರೂ ಒಟ್ಟಿಗೆ ಏರಿದರೆ ಎಂಜಿನ್ ಮಣ್ಣು ತಿನ್ನುತ್ತಿದೆ ಅಂತಲೇ ಅನುಮಾನ ಪಡಬೇಕು. ಸಿಲಿಂಡರ್ ಗೋಡೆ ಸವೆದು ಕಬ್ಬಿಣ, ರಿಂಗ್ ಸವೆದು ಕ್ರೋಮಿಯಂ.

ಕೌಲಿಂಗ್, ಅಂದರೆ ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿದೆವು. ಫಿಲ್ಟರ್ ಹೊಸದು, ಶುಭ್ರವಾಗಿತ್ತು. ಗ್ಯಾಸ್ಕೆಟ್ ಕೂಡ ಸರಿಯಾಗಿ ಕೂತಿತ್ತು.

"ಸರ್, ಫಿಲ್ಟರ್ ಹೊಸದೇ ಇದೆಯಲ್ಲ. ಇನ್ನೇನು ನೋಡೋದು?" ಅಂದ ನಮ್ಮ ಟ್ರೈನಿ ಹುಡುಗ.

"ಫಿಲ್ಟರ್ ತೆಗಿಯಪ್ಪ. ಬೆರಳಿಗೆ ಬಿಳಿ ಬಟ್ಟೆ ಸುತ್ಕೊಂಡು ಅದರ ಹಿಂದೆ ಒರೆಸು" ಅಂದೆ.

ಬಟ್ಟೆ ಕೆಂಪಗಾಗಿ ಬಂತು. ಫಿಲ್ಟರ್ ಆದಮೇಲೆ ಬರುವ ಜಾಗದಲ್ಲಿ ಧೂಳು ಇರಲೇಬಾರದು. ಅಲ್ಲಿ ಬಟ್ಟೆಗೆ ಮಣ್ಣಿನ ಬಣ್ಣ ಅಂಟಿದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಎಲ್ಲೋ ಕಳ್ಳದಾರಿ ಇದೆ ಅಂತಲೇ ಅರ್ಥ.

ಟಾರ್ಚ್ ಬಿಟ್ಟು, ಫಿಲ್ಟರ್ ದಾಟಿದ ಗಾಳಿ ಬರುವ ಏರ್‌ಬಾಕ್ಸ್ ಒಳಗೆ ನೋಡಿದೆವು. ಫಿಲ್ಟರ್ ಹತ್ತಿರದ ಗೋಡೆ ಬಹುಮಟ್ಟಿಗೆ ಚೊಕ್ಕಟ. ಕಾರ್ಬ್ ಹೀಟ್‌ನ (ಐಸ್ ಕಟ್ಟದಂತೆ ಕಾರ್ಬುರೇಟರ್‌ಗೆ ಬಿಸಿ ಗಾಳಿ ಕೊಡುವ ಏರ್ಪಾಡು) ಫ್ಲ್ಯಾಪ್, ಅಂದರೆ ಸಣ್ಣ ಬಾಗಿಲು ಇರುವ ಕಡೆ ಮಾತ್ರ, ಅದರ ಕೆಳಗಿನ ಮೂಲೆಯಿಂದ ಶುರುವಾಗಿ ಕಾರ್ಬುರೇಟರ್ ಬಾಯಿಯ ಕಡೆಗೆ, ಕೆಂಪು ಧೂಳು ಅಗಲವಾಗುತ್ತಾ ಹೋದ ಗುರುತು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಯ್ತು ಅಂತ ಗೆರೆ ಎಳೆದು ತೋರಿಸಿದ ಹಾಗಿತ್ತು. ಕಾಕ್‌ಪಿಟ್‌ನಲ್ಲಿ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಒಳಗೆ ಒತ್ತಿಸಿದೆ. ಗುಂಡಿ ಪ್ಯಾನೆಲ್‌ಗೆ ಅಂಟಿ ನಿಂತಿತು, ಆದರೆ ಇಲ್ಲಿ ಫ್ಲ್ಯಾಪ್ ಪೂರ್ತಿ ಮುಚ್ಚಲಿಲ್ಲ. ಎರಡು ನಾಣ್ಯ ತೂರಿಸುವಷ್ಟು ಸಂದು ಉಳಿಯಿತು. ಕೇಬಲ್ ಹಿಡಿದಿದ್ದ ಕ್ಲ್ಯಾಂಪ್ ಜಾರಿತ್ತು. ಆ ಬದಿಯ ಸೀಲ್ ಕೂಡ ಸವೆದು ಹೋಗಿತ್ತು.

ಕಾರ್ಬ್ ಹೀಟ್ ಗಾಳಿ ಬರುವುದು ಎಕ್ಸಾಸ್ಟ್ ಸುತ್ತ ಇರುವ ಕವಚದಿಂದ. ಅದಕ್ಕೆ ಫಿಲ್ಟರ್ ಇರುವುದಿಲ್ಲ. ಅಂದರೆ ಆ ವಿಮಾನ ಎಂಜಿನ್ ಶುರು ಮಾಡಿದಾಗಿನಿಂದ ನಿಲ್ಲಿಸುವವರೆಗೂ, ಟ್ಯಾಕ್ಸಿ ಮಾಡುವಾಗಲೂ ಸೇರಿ, ಸ್ವಲ್ಪ ಸ್ವಲ್ಪ ಸೋಸದ ಗಾಳಿ ಕುಡಿಯುತ್ತಲೇ ಇತ್ತು. ಫಿಲ್ಟರ್ ಸ್ವಲ್ಪ ತಡೆ ಒಡ್ಡುತ್ತೆ, ಸಂದು ಒಡ್ಡುವುದಿಲ್ಲ. ಗಾಳಿ ಸುಲಭದ ದಾರಿ ಹಿಡಿಯುತ್ತೆ. ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಪಕ್ಕದಲ್ಲಿ ಸಂದಿದ್ದರೆ ಏನು ಪ್ರಯೋಜನ, ಅಲ್ವಾ?

ಸಿಲಿಂಡರ್ ಇಳಿಸಿ ನೋಡಿದಾಗ ರಿಂಗ್‌ಗಳ ಅಂಚು ಸವೆದು ಚೂಪಾಗಿತ್ತು. ಸಿಲಿಂಡರ್ ಮೇಲ್ಭಾಗದಲ್ಲಿ ರಿಂಗ್ ನಿಲ್ಲುವ ಕಡೆ ಉಗುರಿಗೆ ತಾಗುವಷ್ಟು ಮೆಟ್ಟಿಲು. ಆ ರಿಪೇರಿಯ ಬಿಲ್ ಎದುರಿಗೆ ಒಂದು ಸೀಲ್‌ನ ಬೆಲೆ ಏನೂ ಅಲ್ಲ. ಮಾಲೀಕರ ಮುಖ ನೋಡಿ ನನಗೆ ನಿಜವಾಗಿ ಬೇಜಾರಾಯ್ತು. ಅವರು ಫಿಲ್ಟರ್ ವಿಷಯದಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಹೇಳಿದ ಗಂಟೆಗೆ ಸರಿಯಾಗಿ ಬದಲಾಯಿಸುತ್ತಲೇ ಬಂದಿದ್ದರು.

ಕೇಬಲ್ ಹೊಂದಿಸುವುದಕ್ಕೆ ಒಂದು ಸರಳ ಕ್ರಮ ಇದೆ. ಫ್ಲ್ಯಾಪ್ ತನ್ನ ಕೊನೆಗೆ ಹೋಗಿ ಬಿಗಿಯಾಗಿ ಕೂತಾಗ, ಕಾಕ್‌ಪಿಟ್‌ನ ಗುಂಡಿ ಇನ್ನೂ ಪ್ಯಾನೆಲ್‌ನಿಂದ ಚೂರು ಹೊರಗೇ ಇರಬೇಕು. ಗುಂಡಿ ಮೊದಲು ಪ್ಯಾನೆಲ್‌ಗೆ ಮುಟ್ಟಿದರೆ ಫ್ಲ್ಯಾಪ್ ಮುಚ್ಚಿತೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಪೈಲಟ್‌ಗಳೂ ಇದನ್ನು ಗಮನಿಸಬಹುದು. ಇಷ್ಟು ದಿನ ಚೂರು ಸ್ಪ್ರಿಂಗ್ ಥರ ಹಿಂದಕ್ಕೆ ಒತ್ತುತ್ತಿದ್ದ ಗುಂಡಿ ಈಗ ಸಡಿಲವಾಗಿ ಪ್ಯಾನೆಲ್‌ಗೆ ಬಡಿಯುತ್ತಿದೆ ಅನಿಸಿದರೆ ದಯವಿಟ್ಟು ಬರೆದು ತಿಳಿಸಿ.

ಕಾರ್ಬ್ ಹೀಟ್ ಬಳಸುವ ರೀತಿಯೂ ಮುಖ್ಯ. ರನ್-ಅಪ್‌ನಲ್ಲಿ, ಅಂದರೆ ಹಾರುವ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ, 1,700 ಆರ್‌ಪಿಎಂಗೆ ತಂದು ಗುಂಡಿ ಎಳೆದು, ಆರ್‌ಪಿಎಂ ಇಳಿಯಿತಾ ನೋಡಿ, ತಕ್ಷಣ ಒಳಗೆ ಒತ್ತಬೇಕು. ಎಳೆದುಕೊಂಡೇ ಮಾತಾಡುತ್ತಾ ಕೂರುವುದಲ್ಲ. ಇನ್ನೂ ಜಾಸ್ತಿ ಕಾಣುವುದು ಇಳಿದ ಮೇಲೆ. ಲ್ಯಾಂಡಿಂಗ್‌ಗೆ ಬರುವಾಗ ಕಾರ್ಬ್ ಹೀಟ್ ಹಾಕಿರುತ್ತಾರೆ, ಅದು ಸರಿ. ರನ್‌ವೇ ಬಿಟ್ಟು ಪಕ್ಕಕ್ಕೆ ಬಂದ ಮೇಲೆ ರೆಕ್ಕೆಯ ಫ್ಲ್ಯಾಪ್ಸ್ ಮೇಲೆತ್ತಿ, ಕಾರ್ಬ್ ಹೀಟ್ ಒಳಗೆ ಒತ್ತಿ ಅಂತ ಚೆಕ್‌ಲಿಸ್ಟ್‌ನಲ್ಲೇ ಇದೆ. ಆದರೆ ಹೊಸ ವಿದ್ಯಾರ್ಥಿಗಳು ಲ್ಯಾಂಡಿಂಗ್ ಚೆನ್ನಾಗಿ ಆಯ್ತಲ್ಲ ಅನ್ನೋ ಖುಷಿಯಲ್ಲಿ ಅದನ್ನು ಹಾಗೇ ಬಿಟ್ಟು ಹ್ಯಾಂಗರ್‌ವರೆಗೂ ಟ್ಯಾಕ್ಸಿ ಮಾಡಿಕೊಂಡು ಬರುತ್ತಾರೆ. ಧೂಳು ಅತಿ ಹೆಚ್ಚು ಇರುವ ಜಾಗದಲ್ಲೇ ಫಿಲ್ಟರ್ ಇಲ್ಲದ ಗಾಳಿ! ಬೋಧಕರು ಈ ಒಂದು ಅಭ್ಯಾಸ ತಿದ್ದಿದರೆ ನಮ್ಮ ಕೆಲಸ ಎಷ್ಟೋ ಹಗುರ.

ಹಾಗಂತ ಧೂಳಿಗೆ ಹೆದರಿ ಕಾರ್ಬ್ ಹೀಟ್ ಬಳಸದೇ ಇರುವುದು ಅಪಾಯ. ಕಾರ್ಬುರೇಟರ್‌ನ ಕಿರಿದಾದ ಗಂಟಲಲ್ಲಿ ಪೆಟ್ರೋಲ್ ಆವಿಯಾಗುವಾಗ ಗಾಳಿಯ ಬಿಸಿ 20 ಡಿಗ್ರಿಗಿಂತ ಜಾಸ್ತಿ ಕೆಳಗಿಳಿಯಬಹುದು. ಬೆಂಗಳೂರಿನ ಮಳೆಗಾಲದ ಬೆಳಿಗ್ಗೆ, 20 ಡಿಗ್ರಿ ಆಸುಪಾಸು, ತೇವ ತುಂಬಿದ ಗಾಳಿ, ಪವರ್ ಕಡಿಮೆ ಮಾಡಿ ಇಳಿಯುತ್ತಿರುವ ವಿಮಾನ. ಐಸ್ ಕಟ್ಟುವುದಕ್ಕೆ ಇಷ್ಟು ಸಾಕು. ಫಿಲ್ಟರ್ ಅದನ್ನು ತಡೆಯಲಾರದು. ಹಾರುವಾಗ ಬೇಕಾದಷ್ಟು ಬಳಸಿ, ನೆಲದ ಮೇಲೆ ಕೈ ಬಿಗಿ ಹಿಡಿಯಿರಿ.

ಐಸ್ ಮಾತು ಬಂದಾಗ ಜಾಲರಿಯ ಬಗ್ಗೆ ಇನ್ನೊಂದು ಮಾತು. ಅಮೆರಿಕದ ವಿಮಾನ ಪ್ರಮಾಣೀಕರಣ ನಿಯಮಗಳಲ್ಲಿ ಇಂಡಕ್ಷನ್ (ಎಂಜಿನ್‌ಗೆ ಗಾಳಿ ಹೋಗುವ ದಾರಿಯ) ಜಾಲರಿಗೇ ಅಂತ ಪ್ರತ್ಯೇಕ ನಿಯಮ ಇದೆ. ಜಾಲರಿ ಕಾರ್ಬುರೇಟರ್‌ಗಿಂತ ಮುಂಚೆಯೇ ಇರಬೇಕು. ಅದರ ಮೇಲೆ ಪೆಟ್ರೋಲ್ ಎರಚುವ ಹಾಗಿರಬಾರದು. ಗಾಳಿ ಬರುವ ಒಂದೇ ದಾರಿಯಲ್ಲಿ ಜಾಲರಿ ಹಾಕಿದ್ದರೆ, ಬಿಸಿ ಗಾಳಿಯಿಂದ ಅದರ ಐಸ್ ಕರಗಿಸುವ ವ್ಯವಸ್ಥೆ ಇರಬೇಕು. ನಮ್ಮ ಕಡೆ ಜಾಲರಿ ಮೇಲೆ ಐಸ್ ಕಟ್ಟುವುದು ಅಪರೂಪ ಇರಬಹುದು. ಆದರೆ ಎಂಜಿನ್‌ನ ಮೂಗಿನ ಮುಂದೆ ನೀವು ಏನೇ ಇಟ್ಟರೂ ಅದು ಒಂದು ದಿನ ಮುಚ್ಚಿಹೋಗಬಹುದು ಅನ್ನುವ ಎಚ್ಚರ ಆ ನಿಯಮದಲ್ಲಿದೆ. ಮನೆಯಲ್ಲೇ ಜಾಲರಿ ಕತ್ತರಿಸಿ ಅಂಟಿಸುವವರು ಇದನ್ನು ಯೋಚಿಸಬೇಕು.

ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ ಎಂಜಿನ್‌ಗಳಲ್ಲಿ ಕಾರ್ಬ್ ಹೀಟ್ ಬದಲು ಆಲ್ಟರ್ನೇಟ್ ಏರ್ ಬಾಗಿಲು ಇರುತ್ತೆ. ಫಿಲ್ಟರ್ ಮುಚ್ಚಿಹೋದರೆ ಎಂಜಿನ್ ಎಳೆತಕ್ಕೆ ಸ್ಪ್ರಿಂಗ್ ಬಾಗಿಲು ತಾನಾಗಿ ತೆರೆದು ಬೇರೆ ಕಡೆಯಿಂದ ಗಾಳಿ ಬಿಡುತ್ತೆ. ಒಳ್ಳೆಯ ಏರ್ಪಾಡು. ಆದರೆ ಸ್ಪ್ರಿಂಗ್ ಸೋತರೆ, ಹಿಂಜ್ ಸವೆದರೆ ಆ ಬಾಗಿಲು ಯಾವಾಗಲೂ ಅರ್ಧ ತೆರೆದೇ ಇರುತ್ತೆ. ಪ್ರತಿ ಇನ್‌ಸ್ಪೆಕ್ಷನ್‌ನಲ್ಲೂ ಬೆರಳಲ್ಲಿ ತಳ್ಳಿ, ಬಿಟ್ಟು, ಟಪ್ ಅಂತ ಮುಚ್ಚುತ್ತಾ ನೋಡಬೇಕು. ಹಿಂಜ್‌ನ ಪಿನ್ನು, ರಿವೆಟ್ಟು ಸಡಿಲಾಗಿದ್ದರೆ ಇನ್ನೂ ಕೆಟ್ಟದ್ದು. ಕಳಚಿಕೊಂಡರೆ ಅದು ಹೋಗುವುದು ಎಂಜಿನ್ ಒಳಗೇ.

ಇನ್ನು ಫಿಲ್ಟರ್‌ಗಳ ಜಾತಿ. ಕಾಗದದ್ದು, ಫೋಮಿನದ್ದು, ಆಯಿಲ್ ಹಚ್ಚಿದ ಹತ್ತಿ ಬಟ್ಟೆಯದ್ದು. ಕಾಗದದ ಫಿಲ್ಟರ್ ಧೂಳು ಹಿಡಿಯುವುದರಲ್ಲಿ ಗಟ್ಟಿ, ಆದರೆ ವಯಸ್ಸಾದರೆ ಮಡಿಕೆಗಳಲ್ಲಿ ಸೀಳು ಬಿಡುತ್ತೆ. ಕಾಗದದ ಫಿಲ್ಟರ್ ಹರಿದು ಎಂಜಿನ್ ಒಳಗೆ ಹೋಗಿ ಪವರ್ ಕಳೆದುಕೊಳ್ಳುವ ಅಪಾಯ ಇದೆ ಅಂತಲೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸೆಸ್ನಾ ವಿಮಾನಗಳಿಗೆ 84-26-02 ಸಂಖ್ಯೆಯ ಆದೇಶ ಹೊರಡಿಸಿ, 500 ಗಂಟೆಗೆ ಬದಲಾಯಿಸಲೇಬೇಕು ಅಂದಿತು. ಅಷ್ಟರೊಳಗೆ ನಾವು ಸ್ವಚ್ಛ ಮಾಡುವಾಗ ಗಾಳಿಯನ್ನು ಒಳಗಿನ ಕಡೆಯಿಂದ ಹೊರಕ್ಕೆ ಊದಬೇಕು, ಮ್ಯಾನುಯಲ್ ಹೇಳಿದ ಒತ್ತಡ ಮೀರಬಾರದು. ಹೊರಗಿನಿಂದ ಊದಿದರೆ ಧೂಳನ್ನು ನಾವೇ ಕಾಗದದೊಳಗೆ ತುರುಕಿದ ಹಾಗೆ. ಆಮೇಲೆ ಕತ್ತಲ ಕಡೆ ಹೋಗಿ ಹಿಂದಿನಿಂದ ಟಾರ್ಚ್ ಹಿಡಿದು ಒಂದೊಂದೇ ಮಡಿಕೆ ನೋಡಬೇಕು. ಸೂಜಿ ಮೊನೆಯಷ್ಟು ಬೆಳಕು ನೇರ ಕಂಡರೂ ಆ ಫಿಲ್ಟರ್ ಕಸದ ಬುಟ್ಟಿಗೆ.

ಬ್ರಾಕೆಟ್‌ನ ಫೋಮ್ ತೊಳೆಯುವಂಥದ್ದಲ್ಲ. ಅದರಲ್ಲಿ ಧೂಳು ಹಿಡಿಯುವ ಅಂಟು ದ್ರವ ಇರುತ್ತೆ. 100 ಗಂಟೆ ಅಥವಾ 12 ತಿಂಗಳು, ಯಾವುದು ಮೊದಲೋ ಅದಕ್ಕೆ ಹೊಸ ಫೋಮ್. ಸೋಪು ನೀರಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕಿದ್ದನ್ನು ನೋಡಿದ್ದೇನೆ. ಅಂಟು ಹೋದ ಮೇಲೆ ಉಳಿಯುವುದು ಸುಮ್ನೆ ಸ್ಪಂಜು. ಇದೇ ಫಿಲ್ಟರ್‌ನ ನಿಯೋಪ್ರಿನ್ ಗ್ಯಾಸ್ಕೆಟ್ ಸಡಿಲಾಗಿ ಎಂಜಿನ್‌ಗೆ ಎಳೆದುಕೊಂಡು ಹೋಗಬಹುದು ಅಂತಲೂ ಎಫ್‌ಎಎ ಆದೇಶ ಇದೆ, 96-09-06. ಆದ್ದರಿಂದ ಗ್ಯಾಸ್ಕೆಟ್ ಅಂಚನ್ನು ಉಗುರಲ್ಲಿ ಎತ್ತಿ ನೋಡುವುದು ನನಗೆ ಕೈಗೆ ಬಂದ ಅಭ್ಯಾಸ.

ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನಗಳ ರೋಟಾಕ್ಸ್ 912 ಎಂಜಿನ್ನಿನದ್ದು ಬೇರೆ ಥರ. ಎರಡು ಬಿಂಗ್ ಕಾರ್ಬುರೇಟರ್, ಏರ್‌ಬಾಕ್ಸ್ ಇಲ್ಲದಿದ್ದರೆ ಒಂದೊಂದರ ಬೆನ್ನಿಗೆ ಒಂದೊಂದು ಹತ್ತಿಯ ಫಿಲ್ಟರ್. ಇದನ್ನು ತೊಳೆಯಬಹುದು, ನೆರಳಲ್ಲಿ ತಾನಾಗಿ ಒಣಗಲು ಬಿಡಬೇಕು, ಆಮೇಲೆ ಅದರದ್ದೇ ಆಯಿಲ್ ಹಚ್ಚಬೇಕು. ಅವಸರಕ್ಕೆ ಕಂಪ್ರೆಸರ್ ಗಾಳಿ ಹಿಡಿದರೆ ಹತ್ತಿ ಎಳೆಗಳು ಬಿಟ್ಟುಕೊಂಡು ತೂತಾಗುತ್ತೆ. ಆಯಿಲ್ ಇಲ್ಲದ ಹತ್ತಿ ಫಿಲ್ಟರ್ ಹಾಕಿಕೊಂಡು ಹಾರುವುದು ಫಿಲ್ಟರ್ ಇಲ್ಲದೆ ಹಾರುವುದಕ್ಕಿಂತ ಚೂರು ವಾಸಿ, ಅಷ್ಟೇ.

ಆ ಫಿಲ್ಟರ್ ನಿಂತಿರುವುದು ಒಂದೇ ಒಂದು ಕ್ಲ್ಯಾಂಪ್ ಮೇಲೆ. ರೋಟಾಕ್ಸ್‌ನ ನಡುಕಕ್ಕೆ ಕ್ಲ್ಯಾಂಪ್ ಸಡಿಲಾಗುತ್ತೆ. ಟ್ರೈಕ್‌ಗಳಲ್ಲಿ (ಮೂರು ಚಕ್ರದ, ಬಟ್ಟೆ ರೆಕ್ಕೆಯ ಮೈಕ್ರೋಲೈಟ್) ಪ್ರೊಪೆಲರ್ ಹಿಂದೆ ಇರುತ್ತೆ. ಫಿಲ್ಟರ್ ಬಿದ್ದರೆ ನೇರ ಪ್ರೊಪೆಲರ್ ಒಳಗೆ! ಅದಕ್ಕೇ ಲಾಕ್ ವೈರ್ (ಕಳಚದಂತೆ ಕಟ್ಟುವ ತಂತಿ) ಹಾಕದ ಫಿಲ್ಟರ್ ಇರುವ ಟ್ರೈಕ್‌ಗೆ ನಾನು ಸಹಿ ಹಾಕುವುದಿಲ್ಲ. ಎಷ್ಟು ಬೇಡಿಕೊಂಡರೂ ಹಾಕುವುದಿಲ್ಲ. ಇನ್ನೊಂದು ಸೂಕ್ಷ್ಮ ವಿಷಯ, ಫ್ಲೋಟ್ ಬೌಲ್‌ನ, ಅಂದರೆ ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲಿನ, ವೆಂಟ್ ಪೈಪ್. ಬೌಲ್ ಒಳಗಿನ ಒತ್ತಡ ಮತ್ತು ಕಾರ್ಬುರೇಟರ್‌ಗೆ ಬರುವ ಗಾಳಿಯ ಒತ್ತಡ ಹೊಂದಿಕೊಂಡಿರಬೇಕು. ಫಿಲ್ಟರ್ ಜಾಗ ಬದಲಾಯಿಸಿ ವೆಂಟ್ ಪೈಪನ್ನು ಗಾಳಿಗೆ ಒಡ್ಡಿ ಬಿಟ್ಟರೆ ಪೆಟ್ರೋಲ್ ಗಾಳಿ ಮಿಶ್ರಣವೇ ಕೆಡುತ್ತೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಂಸ-3 ತರಬೇತಿ ವಿಮಾನದಲ್ಲಿದ್ದದ್ದು ಟರ್ಬೋ ಇರುವ ರೋಟಾಕ್ಸ್ 914. ಟರ್ಬೋ ಇದ್ದರೆ ಫಿಲ್ಟರ್ ತಪ್ಪಿಸಿ ಬಂದ ಕಣ ಮೊದಲು ಬಡಿಯುವುದು ವೇಗವಾಗಿ ಸುತ್ತುತ್ತಿರುವ ಕಂಪ್ರೆಸರ್ ರೆಕ್ಕೆಗಳಿಗೆ.

"ಜೆಸಿ ರೋಡ್ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಇದೇ ಸೈಜಿನ ಕಾರ್ ಫಿಲ್ಟರ್ ಸಿಗುತ್ತಲ್ಲ ಸರ್, ಕಾಲು ಭಾಗ ದುಡ್ಡಿಗೆ" ಅಂತ ಕೇಳುವವರಿದ್ದಾರೆ. ಅಳತೆ ಒಂದೇ ಇದ್ದರೂ ಕೆಳಗಿನ ಅಂಟು ಪೆಟ್ರೋಲ್ ತಗುಲಿದರೆ ಬಿಡಲ್ಲ ಅಂತ ಯಾರು ಹೇಳಬೇಕು? ಎಂಜಿನ್ ಬ್ಯಾಕ್‌ಫೈರ್ ಆದಾಗ, ಮಳೆಯಲ್ಲಿ ನೆನೆದಾಗ ತಡೆದುಕೊಳ್ಳುತ್ತೆ ಅಂತ ಯಾರು ಪರೀಕ್ಷೆ ಮಾಡಿದ್ದಾರೆ? ಕಾರ್ ನಿಂತರೆ ರಸ್ತೆ ಪಕ್ಕಕ್ಕೆ ತಳ್ಳಬಹುದು. ಅನುಮೋದನೆ ಇಲ್ಲದ ಫಿಲ್ಟರ್ ಹಾಕುವುದು ನನ್ನ ಲೈಸೆನ್ಸ್‌ಗೂ ಒಳ್ಳೆಯದಲ್ಲ, ಹಾರುವವರಿಗೂ ಒಳ್ಳೆಯದಲ್ಲ.

ಫಿಲ್ಟರ್‌ನಿಂದ ಪವರ್ ಹೋಗುತ್ತೆ ಅನ್ನುವ ದೂರು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾಗೆ ಹೋದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ 5ಕ್ಕೆ ಮೂತಿಯ ಕೆಳಗೆ ವೋಕ್ಸ್ ಫಿಲ್ಟರ್‌ನ ದೊಡ್ಡ ಗಲ್ಲ ಕೂರಿಸಿದರು. ಮರಳು ನಿಂತಿತು, ಆದರೆ ವೇಗ ಇಳಿಯಿತು, ಪೈಲಟ್‌ಗಳಿಗೆ ಅದು ಸಮಾಧಾನ ಆಗಲಿಲ್ಲ. ಈಜಿಪ್ಟಿನ ಅಬೂಕಿರ್‌ನಲ್ಲಿದ್ದ ರಿಪೇರಿ ಘಟಕದವರು ತಾವೇ ಚಿಕ್ಕದಾದ, ನಯವಾದ ಇನ್ನೊಂದು ಫಿಲ್ಟರ್ ಮಾಡಿದರು. ಅದಕ್ಕೆ ಅಬೂಕಿರ್ ಅಂತಲೇ ಹೆಸರಾಯ್ತು. ಆಮೇಲೆ ಬಂದ ಸ್ಪಿಟ್‌ಫೈರ್ 8ರಲ್ಲಿ ಫಿಲ್ಟರ್ ಮೊದಲಿನಿಂದಲೇ ವಿನ್ಯಾಸದ ಭಾಗ. ಬರ್ಮಾ ಯುದ್ಧದಲ್ಲಿ ಭಾರತೀಯ ವಾಯುಪಡೆಯವರೂ ಇದನ್ನು ಹಾರಿಸಿದರು. ಅಬೂಕಿರ್‌ನ ಆ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ತುಂಬಾ ಗೌರವ. ಫಿಲ್ಟರ್ ಕಿತ್ತು ಬಿಸಾಡಿ ಅಂದವರಿಗೆ ಅವರು ಒಳ್ಳೆಯ ಫಿಲ್ಟರ್ ಮಾಡಿ ಕೊಟ್ಟರು. ಹಳೆಯ ಮೂನಿ ವಿಮಾನಗಳಲ್ಲಿ ರ‍್ಯಾಮ್ ಏರ್ ಅಂತ ಒಂದು ಬಾಗಿಲು ಇತ್ತು. ಮೇಲೆ ಶುಭ್ರ ಗಾಳಿಗೆ ಹೋದ ಮೇಲೆ ಅದನ್ನು ತೆಗೆದರೆ ಫಿಲ್ಟರ್ ತಪ್ಪಿಸಿ ನೇರ ಗಾಳಿ, ಸ್ವಲ್ಪ ಹೆಚ್ಚು ಒತ್ತಡ. ಇಳಿಯುವ ಮುಂಚೆ ಮುಚ್ಚಲೇಬೇಕು. ಮುಚ್ಚುವುದು ನೆನಪಿರುತ್ತಾ ಅನ್ನುವುದೇ ಪ್ರಶ್ನೆ.

ಜಕ್ಕೂರು ಸಮುದ್ರ ಮಟ್ಟದಿಂದ 3,000 ಅಡಿ ಮೇಲಿದೆ, ಇಲ್ಲಿ ಎಂಜಿನ್‌ಗೆ ಮೊದಲೇ ಗಾಳಿ ಕಮ್ಮಿ. ಅದಕ್ಕೇ ಕೆಲವರಿಗೆ ಫಿಲ್ಟರ್ ಮೇಲೆ ಸಿಟ್ಟು. ಆದರೆ ಸ್ವಚ್ಛ ಫಿಲ್ಟರ್ ಕಿತ್ತುಕೊಳ್ಳುವ ಪವರ್ ತೀರಾ ಕಡಿಮೆ. ಕೊಳಕು ಫಿಲ್ಟರ್ ಕಿತ್ತುಕೊಳ್ಳುವುದು ಜಾಸ್ತಿ. ಮ್ಯಾನುಯಲ್‌ನಲ್ಲಿರುವ ಗಂಟೆಗಳು ಸಾಮಾನ್ಯ ಪರಿಸ್ಥಿತಿಗೆ ಬರೆದದ್ದು. ಮಣ್ಣಿನ ಸ್ಟ್ರಿಪ್‌ನಿಂದ ಹಾರುವವರು, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿರುವವರು ಬೇಸಿಗೆಯಲ್ಲಿ ಪ್ರತಿದಿನ ನೋಡಿದರೂ ತಪ್ಪಿಲ್ಲ. ರನ್-ಅಪ್ ಕಾಂಕ್ರೀಟ್ ಮೇಲೆ ಮಾಡಿ. ಮುಂದಿನ ವಿಮಾನದ ಬಾಲಕ್ಕೆ ಅಂಟಿಕೊಂಡು ಟ್ಯಾಕ್ಸಿ ಮಾಡಬೇಡಿ, ಅದರ ಪ್ರೊಪೆಲರ್ ಎಬ್ಬಿಸಿದ ಧೂಳೆಲ್ಲ ನಿಮ್ಮ ಪಾಲಿಗೆ.

ವಿಮಾನ ವಾರಗಟ್ಟಲೆ ನಿಲ್ಲುವುದಿದ್ದರೆ ಇಂಟೇಕ್‌ಗೆ ಕೆಂಪು ಪಟ್ಟಿ ಕಟ್ಟಿದ ಪ್ಲಗ್ ಹಾಕಿ. ಕಣಜದ ಹುಳ ಮಣ್ಣಿನ ಗೂಡು ಕಟ್ಟುವುದಕ್ಕೆ ಇಂಥ ಸಂದುಗಳನ್ನೇ ಹುಡುಕುತ್ತೆ. ಮೈನಾಗಳು ಹುಲ್ಲು ತುಂಬುತ್ತವೆ. ಫಿಲ್ಟರ್ ಮುಂದಿನ ಕಸ ಕಣ್ಣಿಗೆ ಬೀಳುತ್ತೆ, ಆದರೆ ಕಾರ್ಬ್ ಹೀಟ್ ಕವಚದ ಬಾಯಿ, ಅಲ್ಲಿಂದ ಬರುವ ಸ್ಕ್ಯಾಟ್ ಹೋಸ್ (ಬಿಸಿ ಗಾಳಿಯ ಬಾಗುವ ಕೊಳವೆ) ಒಳಗೆ ಏನಿದೆ ಅಂತ ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುವುದು. ಹೋಸ್ ಹಿಂಡಿ ನೋಡಿ, ತಿರುವಿನ ಒಳಬದಿಯಲ್ಲೇ ಮೊದಲು ಹರಿಯುವುದು. ಮುಂದಿನ ಸಲ ಆಯಿಲ್ ಬದಲಾಯಿಸುವಾಗ, ಅರ್ಧ ಆಯಿಲ್ ಹೊರಗೆ ಹರಿದು ಹೋದ ಮೇಲೆ ಒಂದು ಸಣ್ಣ ಬಾಟಲಿಗೆ ಹಿಡಿದು ಪರೀಕ್ಷೆಗೆ ಕಳಿಸಿ. ಫಲಿತಾಂಶದ ಕಾಗದವನ್ನು ಹಳೆಯದರ ಪಕ್ಕದಲ್ಲಿಟ್ಟು ಸಿಲಿಕಾನ್ ಸಾಲು ಓದಿ. ಏರಿದ್ದರೆ ಫೋನ್ ಮಾಡಿ, ನಾನು ಬಿಳಿ ಬಟ್ಟೆ ತಗೊಂಡು ಬರುತ್ತೇನೆ.